ಎರಡು ಗಿಂಡಿ ತೀರ್ಥ

ದೇವರಾಗುವ ಮುಂಚೆ ಗದ್ದೆಪ್ಪ ಸಿರವಾರದಲ್ಲಿ ಕೀಟನಾಶಕ ಮಾರುತ್ತಿದ್ದ. ಈಗ ದೇವದುರ್ಗದ ಹೊರಗೆ ನಿರ್ಮಲ ಮಂಡಳಿ ಕಟ್ಟಿಕೊಂಡು ಪಾಪ ತೆಗೆಯುತ್ತಾನೆ. ಹುಳದ ಜಾಗಕ್ಕೆ ಪಾಪ ಬಂದಿದೆ, ಅಷ್ಟೇ. ಮಂಡಳಿಯವರು ಔಷಧ ಮುಟ್ಟುವಂತಿಲ್ಲ, ಮನೆದೇವರನ್ನು ಇಟ್ಟುಕೊಳ್ಳುವಂತಿಲ್ಲ. ಅಮಾವಾಸ್ಯೆಗೊಮ್ಮೆ ಅರಿಶಿನ ಹಚ್ಚಿದ ಅಂಗೈ ಚಾಚಬೇಕು, ಅವನು ತೀರ್ಥ ಎರೆಯುತ್ತಾನೆ. ಅಂಗೈ ಕೆಂಪಾದವರು ಪಾಪಿಗಳು. ಅವರೊಡನೆ ಹೆತ್ತವರೂ ಮಾತಾಡಕೂಡದು.

ರಸಾಯನಶಾಸ್ತ್ರದ ಪದವೀಧರೆ ಸುನಂದಾ ಆರು ವರ್ಷ ಇದನ್ನು ಕೈಮುಗಿದು ನೋಡಿದ್ದಳು. ತಾಯಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಡಲೇ ಎಂದು ಅವನನ್ನು ಕೇಳಿದ ತಿಂಗಳೇ ಅವಳ ಅಂಗೈ ಕೆಂಪಾಯಿತು, ಮನೆ ಬಿಡಬೇಕಾಯಿತು. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ನಾಲ್ಕು ತಿಂಗಳು ತನ್ನ ಪಾಪ ಯಾವುದೆಂದು ಹುಡುಕಿದಳು. ಒಂದು ದಿನ ಪಕ್ಕದ ಮನೆಯ ಮಲ್ಲೇಶ್ವರಿ ಬಾಣಂತಿ ಮಗಳಿಗೆಂದು ಆರತಿ ನೀರು ಕಲಸುತ್ತಿದ್ದಳು. ಅರಿಶಿನಕ್ಕೆ ಚಿಟಿಕೆ ಸುಣ್ಣ. ನೀರು ರಕ್ತದಂತೆ ಕೆಂಪು. ಗದ್ದೆಪ್ಪನ ಬಳಿ ಎರಡು ಗಿಂಡಿ ಇರುತ್ತಿದ್ದುದು, ಪಾಪಿಗಳಿಗೆ ಎರೆಯುತ್ತಿದ್ದುದು ಎರಡನೆಯದರಿಂದ ಎಂಬುದು ಆಗ ನೆನಪಾಯಿತು. ಅಳು ಬರಲಿಲ್ಲ, ಹೇಸಿಕೆ ಬಂತು.

ಮಾನ್ವಿಯ ಮನೆಗೆ ಬಂದಾಗ ತಾಯಿ ಬಸವಂತಮ್ಮ ಗೋಡೆಗೆ ಮುಖ ಮಾಡಿ ಕುಳಿತಳು. ಕಾಲಿನ ಹುಣ್ಣು ಹಿಮ್ಮಡಿಗೆ ಇಳಿದಿತ್ತು. ಸುನಂದಾ ತಟ್ಟೆಯಲ್ಲಿ ಅರಿಶಿನ ಕಲಸಿ ಸುಣ್ಣದ ತಿಳಿ ಬಿಟ್ಟಳು.

"ನೋಡು ಯವ್ವಾ, ನಿಮ್ಮ ಗದ್ದೆಪ್ಪ ದೇವರ ಮಹಿಮಿ."

ಬಸವಂತಮ್ಮ ಓರೆಗಣ್ಣಲ್ಲಿ ನೋಡಿ ನಕ್ಕುಬಿಟ್ಟಳು. "ಇದನ್ನ ನನಗ ಕಲಿಸಾಕ ಬಂದಿ? ನೀ ಹುಟ್ಟಿದಾಗ ಇದರಿಂದನ ನಿನ್ನ ದೃಷ್ಟಿ ತಗದೀನಿ."

"ಗೊತ್ತಿದ್ದೂ ನಂಬಿದಿ?"

"ಕಾಲೇಜು ಕಲ್ತಾಕಿ ನೀನ ಕೈಮುಗಿದಿ. ಇದು ಬ್ಯಾರೆ ಏನೋ ಇರಬೇಕು ಅನ್ಕೊಂಡೆ. ನಾ ನಂಬಿದ್ದು ಅವನ್ನಲ್ಲ, ನಿನ್ನ. ನಿನ್ನ ಹಿಂದ ಮಂಡಳಿಗೆ ಬಂದ ಈ ಓಣಿಯ ಹನ್ನೊಂದು ಮನಿಯೋರೂ ಹಂಗ."

ಬಸ್ಸಿನಲ್ಲಿ ಗದ್ದೆಪ್ಪನಿಗೆಂದು ಹೊಂದಿಸಿಕೊಂಡು ಬಂದ ಬೈಗುಳವೆಲ್ಲ ಈಗ ಯಾರಿಗೆ ಸೇರಬೇಕೆಂದು ಸುನಂದಾಗೆ ತಿಳಿಯಿತು. ಆರು ವರ್ಷದಿಂದ ಖಾಲಿ ಬಿದ್ದಿದ್ದ ದೇವರ ಜಗುಲಿಯ ಮೇಲೆ ಆ ತಟ್ಟೆ ಇಟ್ಟಳು. ದೇವರ ವಿಷಯ ಅವಳಿನ್ನೂ ಇತ್ಯರ್ಥ ಮಾಡಿಕೊಂಡಿರಲಿಲ್ಲ. ಸದ್ಯಕ್ಕೆ ನಂಬಲು ಇದ್ದದ್ದು ಇಷ್ಟೇ: ಯಾರು ಕಲಸಿದರೂ ಕೆಂಪಾಗುತ್ತದೆ.

"ಗುಳಿಗಿ ತಗೊ ಯವ್ವಾ."

"ನಾಡಿದ್ದು ಅಮಾಸಿ. ನನ್ನ ಮುಂದ ಮಾಡಿದ್ದನ್ನ ಅಲ್ಲಿ ಎಲ್ಲಾರ ಮುಂದ ಮಾಡು. ನೀ ಕರಕೊಂಡು ಹೋದವರನ್ನ ನೀನ ಕರಕೊಂಡು ಬಾ."

"ಹೊಡೀತಾರ."

"ನಾನೂ ಬರ್ತೀನಿ. ಮುದುಕಿನ್ನ ದಾಟಿ ಹೊಡೀಬೇಕಲ್ಲ."

ಸುನಂದಾ ತಾಯಿಯ ಹಿಮ್ಮಡಿ ನೋಡಿದಳು. ಆಮೇಲೆ ಸುಣ್ಣದ ಡಬ್ಬಿಯನ್ನು ಎತ್ತಿ ಚೀಲದಲ್ಲಿ ಇಟ್ಟುಕೊಂಡಳು. ಬಸವಂತಮ್ಮ ಕೈ ಚಾಚಿದಳು.

"ತಾ ಗುಳಿಗಿ. ಬಸ್ ಸ್ಟ್ಯಾಂಡ್‌ತನಕ ನಡೀಬೇಕಲ್ಲ."