ತಂಬೂರಿಗೆ ಒದ್ದೆ ಹೆಬ್ಬೆರಳು

ತಂಬೂರಿ ಮನೆಗೆ ಬಂದ ದಿನ ಈಶ್ವರಮ್ಮ ಅದನ್ನು ತೊಟ್ಟಿಲಿಗೆ ಹಾಕುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಉಪಚಾರ ಮಾಡಿದ್ದಳು. ಗಂಡ ವೆಂಕಟಪ್ಪ ಚಳ್ಳಕೆರೆ ಸಂತೆಯಿಂದ ಗಾಡಿಯಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅರಗಿನ ಮೆರುಗಿಗೆ ಅದರ ಸೋರೆ ಬುರುಡೆಯಲ್ಲಿ ಮುಖ ಕಾಣುತ್ತಿತ್ತು. "ಅರ್ಧ ಬೆಲೆಗೆ ಸಿಕ್ತು ಕಣೇ" ಎಂದು ಮೀಸೆ ತಿರುವಿದ್ದ.

ಪ್ಲೇಗಿನ ವರ್ಷ ಮೊಳಕಾಲ್ಮೂರು ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಹೆದರಿಕೆ ಓಡಿಸಲು ನೇಕಾರರ ಹೆಂಗಸರು ಒಟ್ಟಿಗೆ ಕೂತು ಹಾಡಿದ್ದರು. ಊರಿಗೆ ಮರಳಿದ ಮೇಲೆ ಮಗ್ಗ ಸಿಕ್ಕಿತು, ಒಲೆ ಸಿಕ್ಕಿತು, ಹಾಡು ಮಾತ್ರ ಸಿಗಲಿಲ್ಲ. ಭಜನೆ ಮನೆ ಗಂಡಸರದ್ದು. ಎರಡು ವರ್ಷ ಹೆಂಗಸರಿಂದ ಕಾಡಿಸಿಕೊಂಡ ಮೇಲೆ ಅಲ್ಲಿನ ಯಜಮಾನ ಬೊಮ್ಮಲಿಂಗಪ್ಪ ಒಪ್ಪಿದ್ದ: ಈ ಸೋಮವಾರ ಸಂಜೆ ಒಂದು ಸಲ ಹಾಡಿ, ಚೆನ್ನಾಗಿದ್ದರೆ ಸೋಮವಾರಗಳೆಲ್ಲ ನಿಮ್ಮವು.

ಆ ಸೋಮವಾರ ಬಂದೇಬಿಟ್ಟಿತ್ತು. ಬೆಳಗ್ಗೆ ಅಂಗಳದಲ್ಲಿ ಈಶ್ವರಮ್ಮ ಹಾಡಿಕೊಳ್ಳುತ್ತ ಮೊದಲ ಸಲ ತಂತಿ ಮೀಟಿದರೆ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡಂತೆ ಗರ್ರೆಂದಿತು. ದಾರಿಯಲ್ಲಿ ಹೋಗುತ್ತಿದ್ದ ಬೊಮ್ಮಲಿಂಗಪ್ಪ ನಿಂತ.

"ನಿನ್ನ ಗಂಟ್ಲಿಗೆ ತಂಬೂರೀನೇ ಬೆದರೈತೆ ಕಣಮ್ಮ. ಸಂಜೆ ಬರೋ ತೊಂದ್ರೆ ತಗೋಬ್ಯಾಡಿ."

"ನೀವು ಹಾಡ್ದಾಗ ನಮ್ಮ ಎಮ್ಮೆ ಬೆದರ್ತೈತೆ, ನಾವೇನಾದ್ರೂ ಅಂದಿದೀವಾ?" ಎಂದಳು ಪಕ್ಕದ ಮನೆ ದ್ಯಾಮಮ್ಮ. ಅವನು ನಗುತ್ತ ಹೋದ.

ಈಶ್ವರಮ್ಮನಿಗೆ ನಗು ಬರಲಿಲ್ಲ. ತಂಬೂರಿ ಕೆಟ್ಟದ್ದೆಂದರೆ ಗಂಡನ ಮೀಸೆ ಇಳಿಯುತ್ತದೆ; ಸುಮ್ಮನಿದ್ದರೆ ತನ್ನ ಕಂಠಕ್ಕೆ ಕೆಟ್ಟ ಹೆಸರು. ಇಪ್ಪತ್ತು ವರ್ಷ ಅವಳು ಇಂಥ ಕಡೆಯಲ್ಲೆಲ್ಲ ಸುಮ್ಮನಿದ್ದವಳೇ. ಆದರೆ ಬೆರಳು ಸುಮ್ಮನಿರಲಿಲ್ಲ. ಯಾರ ಮನೆಯ ಸೀರೆ ಕೈಗೆ ಬಂದರೂ ಹೆಬ್ಬೆರಳು ಒದ್ದೆ ಮಾಡಿ ಅಂಚು ಉಜ್ಜುವುದು ಅವಳ ರೂಢಿ. ಕಳಪೆ ನೇಯ್ಗೆಯಾದರೆ ಗಂಜಿ ಬಿಟ್ಟು ಎಳೆ ಬಾಯಿಬಿಡುತ್ತದೆ. ಹೊಳಪು ನೋಡಿದ ಖುಷಿಯಲ್ಲಿ ತಂಬೂರಿಗೆ ಹಾಗೆ ಮಾಡುವುದು ಹೇಗೆ ಮರೆತೆ?

ಬುರುಡೆಯ ಅಡಿಯಲ್ಲಿ ಅರಗು ತಾಗದ ಒಂದು ಕಡೆ ಉಜ್ಜಿದಳು. ಬೆರಳು ಅಂಟಾಯಿತು. ಚೊಂಬೆತ್ತಿ ನೀರು ಸುರಿದೇಬಿಟ್ಟಳು.

"ಏನೇ, ಹುಚ್ಚು ಹಿಡೀತಾ!" ವೆಂಕಟಪ್ಪ ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯಿಂದ ಎದ್ದು ಓಡಿಬಂದ.

ಅವಳು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಮೂಸಿದ, ಮುಖ ಸಪ್ಪಗಾಯಿತು. ನೀರಿಗೆ ಬಿಡುವ ಹುಣಸೆಬೀಜದ ಅಂಟು. ಉಗುರು ಹಾಕಿ ಕೆರೆದರೆ ಬಣ್ಣದ ಜೊತೆ ಹಳೇ ಬಟ್ಟೆಯ ಪಟ್ಟಿಯೇ ಎದ್ದು ಬಂತು. ಅದರಡಿ ಗೇಣುದ್ದ ಬಿರುಕು; ಗರ್ರೆಂದದ್ದು ಅದೇ.

"ಗಂಜಿ ಹಾಕಿದ ಸೀರೆ ಮಾರೋರನ್ನ ಮೂರು ಮಾರು ದೂರದಲ್ಲೇ ಹಿಡಿಯೋನು ನಾನು" ಎಂದ ವೆಂಕಟಪ್ಪ, ಮೆಲ್ಲಗೆ.

"ನಾನೂ ಹಿಡೀಲಿಲ್ಲವಲ್ಲ. ಹೋಗ್ಲಿ, ಹಸಿ ರೇಷ್ಮೆ ಐತಾ?"

ಅವನು ಓಡಿದ. ಬೇಯಿಸದ ರೇಷ್ಮೆಗೆ ತನ್ನದೇ ಅಂಟಿರುತ್ತದೆ. ನೆನೆದರೆ ಬಿಡುತ್ತದೆ, ಒಣಗಿದರೆ ಕಲ್ಲಿನಂತೆ ಹಿಡಿಯುತ್ತದೆ. ಅವನು ಬುರುಡೆಯನ್ನು ಒತ್ತಿ ಹಿಡಿದ. ಅವಳು ಒದ್ದೆ ಎಳೆಗಳನ್ನು, ಮಗ್ಗಕ್ಕೆ ಹಾಸು ಬಿಗಿದಂತೆ, ಬಿರುಕಿನ ಮೇಲೆ ಸುತ್ತಿದಳು. ದ್ಯಾಮಮ್ಮ ಬಿಸಿಲು ಹೋದ ಕಡೆಗೆಲ್ಲ ತಂಬೂರಿಯನ್ನು ಎತ್ತಿ ಎತ್ತಿ ಇಟ್ಟಳು. ಸಂಜೆಯ ತನಕ ಯಾರೂ ಮೀಟಲಿಲ್ಲ, ಧೈರ್ಯ ಬೇಕಲ್ಲ.

ಭಜನೆ ಮನೆಯಲ್ಲಿ ಬೊಮ್ಮಲಿಂಗಪ್ಪ ಮಡಿಲಲ್ಲಿ ತಾಳ ಇಟ್ಟುಕೊಂಡು ಕೂತಿದ್ದ. "ಏನ್ಲೇ ವೆಂಕಟಪ್ಪ, ತಂಬೂರಿಗೂ ಸೀರೆ ಉಡಿಸ್ಕೊಂಡು ಬಂದೀಯ?"

ಎಲ್ಲರೂ ನಕ್ಕರು. ಈಶ್ವರಮ್ಮ ಗಂಡನತ್ತ ನೋಡಲಿಲ್ಲ.

"ಹೂಂ ರೀ" ಎಂದ ವೆಂಕಟಪ್ಪ, ಎಲ್ಲರಿಗೂ ಕೇಳುವಂತೆ. "ಮಾನ ಇಲ್ಲದ್ದನ್ನ ತಂದೋನು ನಾನು. ಉಡಿಸಿದೋಳು ಇವಳು."

ಅವಳು ಮೀಟಿದಳು. ಗರ್ ಅನ್ನಲಿಲ್ಲ. ಪ್ಲೇಗಿನ ವರ್ಷ ಹೊಲದ ಗುಡಿಸಲುಗಳ ಸುತ್ತ ಗುಂಯ್ ಎನ್ನುತ್ತಿದ್ದ ಗಾಳಿಯೇ ಒಳಗೆ ಬಂದು ಕೂತಂತೆ, ತುಂಬಿದ ಮಂದ್ರ ನಾದ ನೆಲಕ್ಕಿಳಿದು ಅವಳ ಮಂಡಿಗೆ ಹತ್ತಿತು. ದನಿ ತಾನಾಗಿ ಎದ್ದಿತು. ಹಿಂದೆಯೇ ದ್ಯಾಮಮ್ಮನದು, ಆಮೇಲೆ ಬಾಗಿಲಲ್ಲಿ ನಿಂತ ಹೆಂಗಸರದು.

ಹಾಡಿನ ನಡುವೆ ಬೊಮ್ಮಲಿಂಗಪ್ಪನ ಕೈ ಅವನಿಗೇ ತಿಳಿಯದೆ ತಾಳ ಹಾಕತೊಡಗಿತ್ತು. ಮುಗಿದಾಗ ಅವನು ತಾಳಗಳನ್ನು ದ್ಯಾಮಮ್ಮನ ಕಡೆ ಸರಿಸಿದ. "ಇಟ್ಕೊಳ್ರಿ. ಸೋಮವಾರ ತಪ್ಪಿಸ್ಬ್ಯಾಡಿ."

ಈಶ್ವರಮ್ಮನಿಗೆ ಅದು ಕೇಳಲಿಲ್ಲ. ಅವಳು ಆಗಲೇ ಮುಂದಿನ ಹಾಡಿಗೆ ತಂತಿ ಮೀಟಿದ್ದಳು.