ಮೂತಿ ಯಾವ ಕಡೆಗೋ ಆ ಕಡೆಗೆ

ಟೈಲರಕ್ಕನಿಗೆ ಯಾವ ವಸ್ತುವೂ ತನ್ನ ಜಾಗ ಬಿಟ್ಟು ಕದಲಬಾರದು. ಗುಂಡಿ ಡಬ್ಬಿಯಲ್ಲಿ ಗುಂಡಿ, ಹುಕ್ಕಿನ ಡಬ್ಬಿಯಲ್ಲಿ ಹುಕ್ಕು, ಗಿರಾಕಿಯ ಬಟ್ಟೆ ಗಿರಾಕಿಯ ಕೈಗೆ. ಮನೆಯ ಮುಂಗೋಣೆಯೇ ಅವಳ ಅಂಗಡಿ. ಹೊಲಿಗೆ ಮಿಷನ್ನು ಕಿಟಕಿಗೆ ಮುಖ ಮಾಡಿತ್ತು. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಕೆರೆ. ಹೀಗಿರುವಾಗ ಒಂದು ಬೆಳಿಗ್ಗೆ, ಊಟದ ತಟ್ಟೆಯಗಲದ ಆಮೆಯೊಂದು ಕೆರೆ ಬಿಟ್ಟು ನಡುರಸ್ತೆಯಲ್ಲಿ ನಿಂತದ್ದು ಕಂಡರೆ ಅವಳು ಸುಮ್ಮನೆ ಕೂರುವುದುಂಟೆ? ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು, ಕೊರಳಲ್ಲಿ ಟೇಪು ಜೋಲಾಡಿಸಿಕೊಂಡು ಓಡಿದಳು. ಕೈ ಅಡ್ಡ ಹಿಡಿದು ಲಾರಿಯೊಂದನ್ನು ನಿಲ್ಲಿಸಿದಳು.

“ಏನಕ್ಕಾ, ಲಾರಿಗೂ ಅಳತೆ ತಗೋತೀರಾ?” ಎಂದ ಡ್ರೈವರು.

“ಮೊದಲು ನಿನ್ನ ಬಾಯಿಗೊಂದು ಹೊಲಿಗೆ ಹಾಕ್ತೀನಿ, ಇರು,” ಎಂದು ಆಮೆಯನ್ನೆತ್ತಿ ಕೆರೆಯಂಚಿಗೆ ಬಿಟ್ಟು ಬಂದಳು. ಕೃತಜ್ಞತೆಯಿಂದಲೋ ಕೋಪದಿಂದಲೋ ಆಮೆ ಉಚ್ಚೆ ಹೊಯ್ದು ಅವಳನ್ನು ಮೊಣಕೈಯಿಂದ ಮೊಣಕಾಲಿನವರೆಗೆ ಒದ್ದೆ ಮಾಡಿತ್ತು. ಜೀವ ಉಳಿಸಿದ ಸಂಭ್ರಮದಲ್ಲಿ ಅದೊಂದು ದೊಡ್ಡ ವಿಷಯವೆನಿಸಲಿಲ್ಲ.

ಮರುದಿನ ಅದೇ ಆಮೆ ಮತ್ತೆ ರಸ್ತೆಯಲ್ಲಿ. ಚಿಪ್ಪಿನ ಅಂಚು ಇಲಿ ಕಚ್ಚಿದ ಬಿಸ್ಕತ್ತಿನಂತೆ ಮುಕ್ಕಾಗಿದ್ದರಿಂದ ಗುರುತು ತಪ್ಪುವಂತಿರಲಿಲ್ಲ. ಮತ್ತೆ ಓಟ, ಮತ್ತೆ ಕೆರೆ, ಮತ್ತೆ ಸ್ನಾನ. ಅದರ ಮರುದಿನವೂ ಅದೇ. ಓಣಿಯಲ್ಲಿ ಟೈಲರಕ್ಕನ ಹೆಸರು ಮೇಲೇರಿತು. ಅಳತೆ ಕೊಡಲು ಬಂದವರು ಕಥೆ ಕೇಳಿ ಹೋಗುತ್ತಿದ್ದರು. ಅವಳೂ ಒಂದೊಂದು ಸಲ ಹೇಳುವಾಗ ಲಾರಿಯನ್ನು ಸ್ವಲ್ಪ ಸ್ವಲ್ಪ ದೊಡ್ಡದು ಮಾಡುತ್ತಿದ್ದಳು.

ಆಮೆ ಮತ್ತೆ ಕಂಡು ಅವಳು ಎದ್ದಾಗ, ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದು ಕೇಳಿದರು: “ಎಲ್ಲಿಗೆ ತಾಯೀ ಸವಾರಿ?”

“ಪಾಪ, ಮತ್ತೆ ಬಂದಿದೆ ಅತ್ತೆ. ದಾರಿ ತಪ್ಪಿದೆ.”

“ದಾರಿ ತಪ್ಪಿದ್ದು ದಿನಾ ಒಂದೇ ದಾರೀಲಿ ಬರುತ್ತೇನೇ? ಅದು ಬಸುರಿ ಕಣೇ. ಮೊಟ್ಟೆ ಇಡೋಕೆ ಒಣ ಮರಳು ಬೇಕು, ಅದಕ್ಕೇ ನಮ್ಮನೆ ಪಕ್ಕದ ಜಾಗಕ್ಕೆ ಬರ್ತಿದೆ. ನೀನು ಹೆರಿಗೆ ನೋವು ಅಂತ ಆಸ್ಪತ್ರೆಗೆ ಹೊರಟಾಗ, ಆಟೋದವನು ‘ಪಾಪ, ದಾರಿ ತಪ್ಪಿದಾಳೆ’ ಅಂತ ದಿನಾ ವಾಪಸ್ ತಂದು ಮನೇಲಿ ಇಳಿಸಿದ್ರೆ ಹೇಗಿರ್ತಿತ್ತು?”

ಟೈಲರಕ್ಕನ ಮುಖ ಇಸ್ತ್ರಿ ಹೆಚ್ಚಾದ ಬಟ್ಟೆಯಂತೆ ಬಣ್ಣಗೆಟ್ಟಿತು. “ಮೊದಲೇ ಹೇಳ್ಬಾರ್ದಿತ್ತಾ?”

“ಲಾರಿ ಕಥೆ ನಡುವೆ ನನಗೆಲ್ಲಿ ಜಾಗ ಕೊಟ್ಟೆ? ಓಡು. ಇವತ್ತು ನಿನ್ನ ಮೈದುನ ಅಲ್ಲಿಗೆ ಕಾಂಕ್ರೀಟ್ ಹಾಕಿಸ್ತಾನೆ. ಆಮೇಲೆ ಅದಕ್ಕೆ ಮರಳೂ ಇಲ್ಲ, ಮಣ್ಣೂ ಇಲ್ಲ.”

ಟೈಲರಕ್ಕ ಓಡಿದಳು. ಈ ಸಲ ಆಮೆಯ ಮೂತಿ ಯಾವ ಕಡೆಗಿತ್ತೋ ಆ ಕಡೆಗೇ ನಡೆದು, ಮರಳಿನ ಅಂಚಿನಲ್ಲಿ ಅದನ್ನಿಳಿಸಿ ದೂರ ನಿಂತಳು. ಆಮೆ ಮೂಸಿತು, ಸುತ್ತಿತು, ಕೊನೆಗೆ ಹಿಂಗಾಲಿನಲ್ಲಿ ಗುಂಡಿ ತೋಡತೊಡಗಿತು. ಒಮ್ಮೆಗೆ ಒಂದೇ ಚಿಟಿಕೆ ಮರಳು. ಅವಸರದ ಗಿರಾಕಿಯನ್ನು ಜನ್ಮದಲ್ಲಿ ಕಂಡಿರದ ದರ್ಜಿಯ ಹಾಗೆ.

ಅಷ್ಟರಲ್ಲಿ ಕಾಂಕ್ರೀಟ್ ಕಲಸುವ ಯಂತ್ರ ಗಡಗಡಿಸುತ್ತ ಬಂತು. ಅದರ ಹಿಂದೆ ಕಲಿಕೆಯ ಕಾರಿನಲ್ಲಿ ಮೈದುನ. ಡ್ರೈವಿಂಗ್ ಶಾಲೆ ನಡೆಸುವ ಅವನನ್ನು ಶಿಷ್ಯರು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಕಾರಿನೊಳಗೆ ಅವನ ಬಾಯಿಂದ ಬರುತ್ತಿದ್ದುದೇ ಆ ಒಂದು ಮಾತು. ಶಿಷ್ಯರು ರಿವರ್ಸ್ ಕಲಿಯುವ ಹೆಸರಿನಲ್ಲಿ ಓಣಿಯ ದೀಪದ ಕಂಬವನ್ನು ಬಾಗಿಸಿದ್ದರಿಂದ, ಅದಕ್ಕೆಂದೇ ಒಂದು ಗಟ್ಟಿ ಅಂಗಳ ಮಾಡಿಸುವುದು ಅವನ ಬಹುದಿನದ ಆಸೆ.

“ಅತ್ತಿಗೇ, ಪಕ್ಕಕ್ಕೆ ಬನ್ನಿ. ಕಲಸಿದ್ದು ಗಟ್ಟಿಯಾಗುತ್ತೆ.”

“ಇಲ್ಲಿ ಹೆರಿಗೆ ನಡೀತಿದೆ.”

“ಯಾರದು?” ಮೈದುನ ಗಾಬರಿಯಿಂದ ಸುತ್ತ ನೋಡಿದ. ಅವಳು ನೆಲ ತೋರಿಸಿದಳು.

“ಅಯ್ಯೋ, ಆಮೇನಾ! ಎತ್ತಿ ಕೆರೆಗೆ ಬಿಡಿ. ಅದರಲ್ಲಿ ನಿಮ್ಮನ್ನ ಬಿಟ್ರಿಲ್ಲ ಅಂತ ಓಣಿಯೆಲ್ಲ ಹೇಳುತ್ತೆ.”

ಮಾತು ನಾಟಬೇಕಾದಲ್ಲೇ ನಾಟಿತು. “ಎತ್ತಿದ್ದೇ ತಪ್ಪಾಯ್ತು ಕಣಪ್ಪಾ, ಇನ್ನು ಎತ್ತಲ್ಲ. ಒಂದು ಮಾತು ಹೇಳು. ಯಾರಾದ್ರೂ ನಿಧಾನಕ್ಕೆ ರಸ್ತೆ ದಾಟ್ತಿದ್ರೆ ಏನು ಮಾಡ್ಬೇಕು ಅಂತ ಹೇಳ್ಕೊಡ್ತೀಯಾ ನೀನು?”

ಸ್ಟೀರಿಂಗ್ ಹಿಡಿದು ಕೂತಿದ್ದ ಶಿಷ್ಯೆ, ಬ್ಯಾಂಕಿನ ಕ್ಲರ್ಕು, ಕಿಟಕಿಯಿಂದ ತಲೆ ಹೊರಹಾಕಿ ಪಾಠ ಒಪ್ಪಿಸಿದಳು: “ನಿಲ್ಲಿಸ್ಬೇಕು, ಹಾರ್ನ್ ಹೊಡೀಬಾರ್ದು, ದಾಟೋ ತನಕ ಕಾಯ್ಬೇಕು. ಅಲ್ವಾ ಸಾರ್?”

“ನಿಮ್ಮನ್ನ ಯಾರಮ್ಮಾ ಕೇಳಿದ್ದು?” ಎಂದು ರೇಗಿದ ಮೈದುನ, ಮರಳಿನ ಗುಂಡಿಯಲ್ಲಿ ಬಿಳಿಯದೇನೋ ಬಿದ್ದದ್ದು ಕಂಡು ತಡೆದು ನಿಂತ. ಇನ್ನೊಂದು ಬಿತ್ತು. ಅವನ ಮುಖ ಮೆಲ್ಲಗೆ ಸಡಿಲವಾಯಿತು. ಯಂತ್ರದವನಿಗೆ ಕೈಮಾಡಿ, ಅಭ್ಯಾಸಬಲದಿಂದ ಕೂಗಿದ: “ಬ್ರೇಕ್!”

ಕಲಸಿದ ಕಾಂಕ್ರೀಟು ಮನೆಮುಂದಿನ ಗುಂಡಿ ಬಿದ್ದ ಹಾದಿಗೆ ಹೋಯಿತು. ಮರಳು ಮರಳಾಗಿಯೇ ಉಳಿಯಿತು. ಟೈಲರಕ್ಕ ಗೂಡಿನ ಮೇಲೆ ನಾಯಿಗಳು ಕೆದರದಂತೆ ತಂತಿಬುಟ್ಟಿ ಕವುಚಿ, ಜಾಗದ ಸುತ್ತ ಕಡ್ಡಿ ನೆಟ್ಟು ಕೆಂಪು ದಾರ ಕಟ್ಟಿದಳು. ರಿವರ್ಸ್ ಪಾಠ ಓಣಿಯಲ್ಲೇ ನಡೆಯಿತು, ಆದರೆ ಹೊಸ ಕಟ್ಟಳೆಯೊಂದಿಗೆ: ದಾರ ತಾಗಿಸಿದವರು ಅಂದು ಕಾರು ಒರೆಸಬೇಕು. ಕಬ್ಬಿಣದ ಕಂಬಕ್ಕೆ ಹೆದರದಿದ್ದವರು ನೂಲಿಗೆ ಹೆದರಿದರು.

ಮಳೆ ಹಿಡಿದು ಬಿಟ್ಟ ಒಂದು ಬೆಳಿಗ್ಗೆ ಬುಟ್ಟಿಯ ಕೆಳಗೆ ಮರಳು ಮಿಸುಕಿತು. ಟೈಲರಕ್ಕ ಬುಟ್ಟಿ ಎತ್ತಿದಳು. ಕೋಟಿನ ಗುಂಡಿಗಿಂತ ತುಸು ದೊಡ್ಡ ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದು ಕೆರೆಯತ್ತ ಹೊರಟವು. ಮೈದುನ ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿದ. ಮೊದಲ ದಿನದ ಆ ಲಾರಿಯೂ ಬಂದು ನಿಂತಿತು.

“ಏನಕ್ಕಾ, ಇವತ್ತು ಯಾರ ಅಳತೆ?”

“ಸಣ್ಣವರದು. ಎಂಜಿನ್ ಆರಿಸಿ ಕೆಳಗಿಳಿ, ನೋಡುವಿಯಂತೆ.”

ಮರಿಗಳು ಎಡವಿದಾಗಲೆಲ್ಲ ಟೈಲರಕ್ಕನ ಕೈ ತುರಿಸುತ್ತಿತ್ತು. ಟೇಪನ್ನು ಎರಡೂ ಕೈಗೆ ಸುತ್ತಿಕೊಂಡು ಬೆನ್ನ ಹಿಂದೆ ಹಿಡಿದಳು. ಎಲ್ಲವೂ ದಾಟಿದವು, ಒಂದನ್ನು ಬಿಟ್ಟು. ಅದು ಗಿರ್ರನೆ ತಿರುಗಿ ಇತ್ತಲೇ ಬಂತು.

“ಅತ್ತೆ, ಅದಕ್ಕೂ ಎಲ್ಲಿಗೋ ಹೋಗ್ಬೇಕೇನೋ?”

“ನಿನ್ನ ತಲೆ! ಚರಂಡಿ ಕಡೆ ಹೊರಟಿದೆ. ಇದು ನಿಜವಾಗ್ಲೂ ದಾರಿ ತಪ್ಪಿದೆ, ಎತ್ತೇ!”

ಟೇಪು ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಲಾರಿಯವನು ಶಿಳ್ಳೆ ಹಾಕುತ್ತಿದ್ದಂತೆ ರಸ್ತೆ ದಾಟಿ ಓಡುತ್ತಿದ್ದ ಟೈಲರಕ್ಕನ ಅಂಗೈಯನ್ನು ಆ ಮರಿ, ಥೇಟ್ ತಾಯಿಯ ಹಾಗೆಯೇ, ಒದ್ದೆ ಮಾಡಿತು.