ಸತ್ತ ಅರಸನ ಅಚ್ಚು

ಪಾರುಪತ್ಯಗಾರ ವರಾಜ ಹೊಸ ದ್ರಮ್ಮವೊಂದನ್ನು ಮಣೆಯ ಮೇಲಿಟ್ಟು, ಅದರಲ್ಲಿದ್ದ ಅರಸನ ಹಣೆಗೆ ಉಗುರು ಊರಿ, "ಇದೇನಿದು?" ಎಂದ.

ಅದೇನೆಂದು ಅಚ್ಚು ಕೊರೆಯುವ ಸ್ಪಂದಾತನಿಗೆ ಆ ಉಗುರಿಗಿಂತ ಮೊದಲೇ ಗೊತ್ತಿತ್ತು. ಆದರೂ ಬಗ್ಗಿದ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮೊದಲ ಸಲ ಕಾಣುವವನ ಹಾಗೆ ನೋಡಿದ. ಹಗ್ಮತಾನದ ಟಂಕಸಾಲೆಯಲ್ಲಿ ಅಣಕಕ್ಕೆ ಹೆಸರಾದವನು ಸುತ್ತಿಗೆಯಾಳು ಮಿಹಿರಕ. ಆದರೆ ಆ ಹೊತ್ತು ಸ್ಪಂದಾತ ತಪ್ಪಿಲ್ಲದವನೊಬ್ಬನನ್ನು ಅಣಕಿಸಿದಷ್ಟು ಚೆನ್ನಾಗಿ ಮಿಹಿರಕ ಯಾರನ್ನೂ ಅಣಕಿಸಿರಲಿಲ್ಲ.

"ನರಹುಲಿ ಇದ್ದಂಗಿದೆ, ಒಡೆಯ."

"ಯಾರದು?"

"ಅರಸರದು."

"ಯಾವ ಅರಸರದು?" ವರಾಜ ಮೂಗಿನಲ್ಲಿ ಕೇಳಿದ. ಅವನ ಮಾತೆಲ್ಲ ಮೂಗಿನಿಂದಲೇ ಹೊರಡುತ್ತಿತ್ತು. ಬಾಯಿ ಊಟಕ್ಕೆ ಮೀಸಲು ಎಂದು ಮಿಹಿರಕ ಹೇಳುತ್ತಿದ್ದ.

ಉತ್ತರ ಬೇಕಾಗಿರಲಿಲ್ಲ. ಹುಬ್ಬಿನ ಮೇಲೆ ನರಹುಲಿ ಇದ್ದದ್ದು ಸುಗ್ಗಿಯ ಹೊತ್ತಿಗೆ ತೀರಿಕೊಂಡ ಅರಸನಿಗೆ. ಈಗ ಪಟ್ಟಕ್ಕೆ ಬಂದಿರುವ ಮಗನ ಹಣೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಾರ್ಥಿಯಾದ ಗಾದಿಗೆ ಯಾರೇ ಏರಲಿ, ನಾಣ್ಯದ ಮೇಲೆ ಹೆಸರು ಒಂದೇ, ಅರ್ಶಕ. ಅಪ್ಪನೂ ಅರ್ಶಕ, ಮಗನೂ ಅರ್ಶಕ, ಅಪ್ಪನನ್ನು ಕೊಂದು ಬಂದ ಚಿಕ್ಕಪ್ಪನೂ ಅರ್ಶಕ. ಆ ಹೆಸರನ್ನಾದರೂ ಯವನರ ಅಕ್ಷರದಲ್ಲಿ ಕೊರೆಯಬೇಕು. ಅದನ್ನು ಓದಬಲ್ಲವರು ಟಂಕಸಾಲೆಯಲ್ಲಿ ಯಾರೂ ಇರಲಿಲ್ಲ. "ಅವು ಅಕ್ಷರ ಅಲ್ಲ ಕಣೋ, ಬೇಲಿ. ನಾಣ್ಯದ ಬೆನ್ನಲ್ಲಿ ಕೂತಿರೋ ಬಿಲ್ಲುಗಾರ ಎದ್ದು ಓಡದೆ ಇರಲಿ ಅಂತ" ಎಂದು ಹಿರಿಯ ಕೊರೆಗಾರ ಫ್ರಬಖ್ತ ಸ್ಪಂದಾತನಿಗೆ ಮೊದಲ ದಿನ ಹೇಳಿಕೊಟ್ಟಿದ್ದ. ಹೀಗಾಗಿ ಯಾವ ಅರಸನ ಕಾಲದ ಹಣ ಎಂದು ಜನ ತಿಳಿಯುವುದು ಮುಖ ನೋಡಿ. ಮುಖ ತಪ್ಪಿದರೆ ಆಳ್ವಿಕೆಯೇ ತಪ್ಪಿದ ಹಾಗೆ.

ಅದಕ್ಕಾಗಿ ಒಂದು ಕಟ್ಟಳೆಯಿತ್ತು. ಅರಸ ಸತ್ತ ಸುದ್ದಿ ಬಂದ ದಿನವೇ ಅವನ ಮುಖದ ಅಚ್ಚುಗಳನ್ನೆಲ್ಲ ಅಂಗಳದ ಕರಿಗಲ್ಲಿನ ಮೇಲಿಟ್ಟು ಒಡೆಯಬೇಕು. ಈ ಸಲ ಹನ್ನೆರಡರಲ್ಲಿ ಹನ್ನೊಂದು ಒಡೆದವು. ಹನ್ನೆರಡನೆಯದು ಮೇಕೆಯ ತೊಗಲಿನಲ್ಲಿ ಸುತ್ತಿಕೊಂಡು ಸ್ಪಂದಾತನ ಮಣೆಯ ಕೆಳಗೆ ಸೇರಿತು. ಅದು ಅವನು ಕೊರೆದ ಮುಖಗಳಲ್ಲಿ ಫ್ರಬಖ್ತ ತಿದ್ದದೆ ಬಿಟ್ಟ ಮೊದಲನೆಯದು. ಅಂದು ಮುದುಕ ಅದನ್ನು ಬೆರಳಲ್ಲಿ ಸವರಿ, ತನ್ನ ಪಾಲಿನ ಒಣ ಅಂಜೂರವನ್ನು ಶಿಷ್ಯನ ಕೈಗಿಟ್ಟಿದ್ದ. ಅಂಥದ್ದನ್ನು ಒಡೆಯುವುದಕ್ಕೆ ಸ್ಪಂದಾತನಿಗೆ ಕೈ ಬರಲಿಲ್ಲ. ಎಣಿಸುವವನು ಮಿಹಿರಕನ ಅಣಕಕ್ಕೆ ನಗುತ್ತ ಎಣಿಕೆ ತಪ್ಪಿದ.

ಆಮೇಲೆ ರಾಜಧಾನಿ ತಿಸ್ಫೋನಿನಿಂದ ಹೊಸ ಅರಸನ ಮೇಣದ ಮುಖ ಬಂತು. ಕಣಿವೆಯಲ್ಲಿ ಹಿಮ ಬೀಳುವ ಮೊದಲು ದಂಡಿಗೆ ಸಂಬಳ ಹೋಗಬೇಕಿತ್ತು. ಫ್ರಬಖ್ತ ಎರಡು ಅಚ್ಚು ಕೊರೆದ, ಸ್ಪಂದಾತ ಒಂದು. ಸ್ಪಂದಾತನದು ಮೂರನೆಯ ದಿನ ಸುತ್ತಿಗೆಯ ಕೆಳಗೆ ಸೀಳಿತು. ಹೊಸದನ್ನು ಕೊರೆಯಲು ಆರು ದಿನ ಬೇಕು, ಅವನಿಗಿದ್ದದ್ದು ಒಂದು. ತೊಗಲು ಬಿಚ್ಚಿದ. ಅಪ್ಪನ ಮೂಗೇ ಮಗನ ಮೂಗು, ಇನ್ನಷ್ಟು ಬಾಗಿಸಿದರಾಯಿತು. ಗಡ್ಡ ಚೂಪು ಮಾಡಿದ, ಕಿವಿಯ ಹಿಂದೆ ಎರಡು ಸುರುಳಿ ಕೂದಲು ಇಳಿಸಿದ. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು: ಮೂಗು ಎಂದರೆ ಹಳ್ಳ, ಕೆನ್ನೆ ಎಂದರೆ ಹಳ್ಳ, ನರಹುಲಿ ಎಂದರೆ ಬೈರಿಗೆಯನ್ನು ಒಮ್ಮೆ ತಿರುಗಿಸಿದರೆ ಬೀಳುವ, ನವಣೆಕಾಳಿನಷ್ಟು ಗುಳಿ. ತೋಡಿದ್ದನ್ನು ಇನ್ನಷ್ಟು ತೋಡಬಹುದು, ತುಂಬುವುದಕ್ಕೆ ಬರುವುದಿಲ್ಲ. ಹಣೆಪಟ್ಟಿಯ ಅಂಚನ್ನು ತುಸು ಕೆಳಗೆಳೆದು ಗುಳಿಯನ್ನು ಅದರೊಳಗೆ ಸೇರಿಸಿಬಿಟ್ಟೆ ಎಂದುಕೊಂಡ. ಅಚ್ಚಿನಲ್ಲಿ ಅಡಗಿ ಕೂತದ್ದು ಬೆಳ್ಳಿಯಲ್ಲಿ ಎದ್ದು ನಿಂತಿತು. ಅದು ವರಾಜನ ಕಣ್ಣಿಗೆ ಬೀಳುವ ಹೊತ್ತಿಗೆ ಸಂಬಳದ ಚೀಲಗಳು ಹೇಸರಗತ್ತೆಗಳ ಬೆನ್ನೇರಿ ಹೊರಟು ನಾಲ್ಕು ದಿನವಾಗಿತ್ತು.

"ಇದನ್ನ ಕೊರೆದೋರು ಯಾರು?" ವರಾಜ ಕೇಳಿದ. ಟಂಕಸಾಲೆಯಲ್ಲಿ ಇದ್ದವರೇ ಇಬ್ಬರು ಕೊರೆಗಾರರು.

"ಯಜಮಾನ್ರಿಗೆ ಈಚೆಗೆ ಕಣ್ಣು ಸ್ವಲ್ಪ..." ಎಂದು ಸ್ಪಂದಾತ ನಿಲ್ಲಿಸಿದ.

ಅವನು ಹೇಳಿದ್ದು ಅಷ್ಟೇ, ಅರ್ಧ ಮಾತು. ಅದು ಸುಳ್ಳೂ ಅಲ್ಲ. ಮುದುಕನ ಕಣ್ಣಿಗೆ ಮಂಜು ಕವಿದು ಎರಡು ವರ್ಷವಾಗಿತ್ತು, ನೋಟಕ್ಕಿಂತ ಹೆಚ್ಚಾಗಿ ಬೆರಳನ್ನು ನಂಬಿ ಕೊರೆಯುತ್ತಿದ್ದ. ಮಿಕ್ಕ ಅರ್ಧವನ್ನು ವರಾಜನೇ ಮೂಗಿನಲ್ಲಿ ಪೂರೈಸಿಕೊಂಡ: ಇಪ್ಪತ್ತು ವರ್ಷ ಅದೇ ಹಣೆಗೆ ಅದೇ ಗುಳಿ ಹಾಕಿದ ಕೈ, ಕಣ್ಣು ಕಾಣದೆ, ರೂಢಿಯಲ್ಲಿ ಇನ್ನೊಮ್ಮೆ ಹಾಕಿದೆ. ಅಚ್ಚಿನಲ್ಲಿ ತುಂಬಲು ಬಾರದ ಗುಳಿ ಮಾತಿನಲ್ಲಿ ಸಲೀಸಾಗಿ ತುಂಬಿತು.

ಫ್ರಬಖ್ತನನ್ನು ಕರೆಸಿದರು. ಅವನು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿದ. ಮೂಗು, ಗಡ್ಡ, ಮತ್ತೆ ಮೂಗು. ಬಹಳ ಹೊತ್ತು ಸವರಿದ. ಆಮೇಲೆ ಸ್ಪಂದಾತ ನಿಂತಿದ್ದ ಕಡೆಗೆ ಮುಖ ತಿರುಗಿಸಿದ; ಅಷ್ಟು ದೂರದ್ದು ಅವನಿಗೆ ಕಾಣುತ್ತಿರಲಿಲ್ಲ.

"ಕೈ ಹಳೇದು, ಒಡೆಯ" ಎಂದ. "ಹಳೇ ದಾರೀನೇ ಹಿಡೀತು ಅಂತ ಕಾಣುತ್ತೆ."

ಮಾರನೆಯ ಬೆಳಿಗ್ಗೆ, ಅಚ್ಚುಗಳನ್ನು ಒಡೆಯುವ ಅದೇ ಕರಿಗಲ್ಲಿನ ಮೇಲೆ, ಅವನ ಬಲಗೈಯ ಹೆಬ್ಬೆರಳನ್ನು ಬುಡದ ತನಕ ತೆಗೆದರು. ಬಿಲ್ಲು ಎಳೆಯುವುದೂ ಉಳಿ ಹಿಡಿಯುವುದೂ ಹೆಬ್ಬೆರಳಿನಿಂದಲೇ ಆದ ನಾಡಿನಲ್ಲಿ ಬೇರೆ ಶಿಕ್ಷೆ ಬೇಕಿರಲಿಲ್ಲ. ಸ್ಪಂದಾತ ಎಲ್ಲರ ಹಿಂದೆ ನಿಂತು ಅರ್ವಂದ ಬೆಟ್ಟದ ನೆತ್ತಿಯಲ್ಲಿ ಹಿಮ ಎಲ್ಲಿಯವರೆಗೆ ಇಳಿದಿದೆ ಎಂದು ನೋಡುತ್ತಿದ್ದ. ಮುದುಕ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಅವನಿಗೆ ಎಷ್ಟೋ ಸಲ ಅನಿಸಿತು.

ಚಳಿ ಬಲಿಯಿತು. ಸ್ಪಂದಾತ ಈಗ ಒಬ್ಬನೇ ಕೊರೆಗಾರ. ಫ್ರಬಖ್ತನ ಮಣೆಯಲ್ಲಿ ಕೂರಲು ವರಾಜ ಹೇಳಿದ. ಕಿಟಕಿಯ ಬೆಳಕು ಅಲ್ಲಿಯೇ ಚೆನ್ನಾಗಿ ಬೀಳುತ್ತಿತ್ತು. ಆದರೆ ಮರದಲ್ಲಿ ಮುದುಕನ ಮೊಣಕೈ ಸವೆಸಿದ ತಗ್ಗು ಇತ್ತು. ಸ್ಪಂದಾತನ ಮೊಣಕೈ ಅದರಲ್ಲಿ ಸರಿಯಾಗಿ ಕೂರುತ್ತಿತ್ತು, ಅದೇ ಅವನಿಗೆ ತಾಳಲಾಗದ್ದು. ಮನೆಗೆ ಹೋಗುವಾಗ ಮುದುಕನ ಬೀದಿಯನ್ನು ಬಿಟ್ಟು ಚಮ್ಮಾರರ ಓಣಿ ಬಳಸಿ ಹೋಗುತ್ತಿದ್ದ. ಒಮ್ಮೆ ಒಂದು ಬುಟ್ಟಿ ದಾಳಿಂಬೆಯನ್ನು ಯಾರ ಕೈಲೋ ಕಳಿಸಿದ. ಬುಟ್ಟಿ ತೊಳೆದು ವಾಪಸು ಬಂತು, ಒಳಗೆ ಮುದುಕನ ಹೆಂಡತಿ ಆಜಾತೆ ಹಾಕಿದ ನಾಲ್ಕು ರೊಟ್ಟಿ. ಆ ರೊಟ್ಟಿ ಒಣಗುವವರೆಗೂ ಅವನಿಗೆ ಮುಟ್ಟಲಾಗಲಿಲ್ಲ.

ಒಂದು ದಿನ ಕುಲುಮೆಯ ಬಳಿ ಕೈ ಕಾಯಿಸುತ್ತ ಮಿಹಿರಕ ತನ್ನ ಎಂದಿನ ಆಟ ತೆಗೆದ. ವರಾಜ ಮೂಗಿನಲ್ಲಿ ಹೆಂಡತಿಯನ್ನು ಮುದ್ದಿಸಿದ್ದಾಯಿತು, ಗೊರಕೆ ಹೊಡೆದದ್ದಾಯಿತು. ಅದೇ ಭರದಲ್ಲಿ, ಯೋಚಿಸದೆ, ಅವನು ಫ್ರಬಖ್ತನಾದ: ಕೊರೆದ ಪುಡಿಯನ್ನು "ಫೂ" ಎಂದು ಊದಿ, ಎರಡು ಸಲ ಕೆಮ್ಮಿ, ಅಚ್ಚನ್ನು ಕಿವಿಯ ಹತ್ತಿರ ಹಿಡಿದು ಅದು ಹೇಳುವುದನ್ನು ಕೇಳುವವನಂತೆ ತಲೆ ವಾಲಿಸಿದ. ಎಲ್ಲರೂ ನಕ್ಕರು. ನಕ್ಕ ಮೇಲೆ ನೋಡಿದರೆ ಅವನು ಆ ಅಚ್ಚನ್ನು ಬಲಗೈಯ ಐದೂ ಬೆರಳಲ್ಲಿ ಹಿಡಿದಿದ್ದ. ನಗು ಅಲ್ಲಿಗೇ ನಿಂತಿತು. ಸ್ಪಂದಾತ ಎದ್ದು ಹೊರಗೆ ಹೋದ.

ಹೇಳಿಬಿಡಬೇಕು ಎಂದು ಅವನು ದಿನವೂ ಅಂದುಕೊಳ್ಳುತ್ತಿದ್ದ. ದಾರಿಯುದ್ದಕ್ಕೂ ತನ್ನ ಮಾತನ್ನು ತಾನೇ ಆಡಿ, ವರಾಜನ ಮೂಗಿನಲ್ಲಿ ತಾನೇ ಉತ್ತರ ಕೊಡುತ್ತಿದ್ದ. ಪ್ರತಿ ಸಲವೂ ಆ ಮೂಗು ಕೊನೆಗೆ ಕೇಳುವುದು ಒಂದೇ, ಸತ್ತ ಅರಸನ ಅಚ್ಚನ್ನು ಮನೆಯ ಬೆಕ್ಕಿನ ಹಾಗೆ ಮಣೆ ಕೆಳಗೆ ಯಾಕಿಟ್ಟುಕೊಂಡಿದ್ದೆ ಎಂದು. ಅದಕ್ಕೆ ಹೋಗುವುದು ಹೆಬ್ಬೆರಳಲ್ಲ, ತಲೆ. ಚಳಿ ಕಳೆಯಲಿ, ಹೇಳುತ್ತೇನೆ ಎಂದುಕೊಂಡ.

ಚಳಿ ಕಳೆಯುವ ಮೊದಲೇ ಅರಮನೆಯ ಸವಾರ ಬಂದ.

ದಕ್ಷಿಣದ ಪೇಟೆಗಳಲ್ಲಿ ಹೊಸ ಅರಸನ ಬಗ್ಗೆ ಒಂದು ಪಿಸುಮಾತು ಇತ್ತು: ಅವನು ಅಪ್ಪನ ಮಗನೇ ಅಲ್ಲ, ಜನಾನದ ಯಾವಳಿಗೋ ಇನ್ಯಾರಿಂದಲೋ ಹುಟ್ಟಿದವನು ಎಂದು. "ಅಪ್ಪ ನರಹುಲಿ, ಮಗ ಬರೀ ನರ" ಎಂದು ಮಿಹಿರಕನೂ ಮೆಲ್ಲಗೆ ನಗಿಸಿದ್ದುಂಟು. ಹಗ್ಮತಾನದ ದ್ರಮ್ಮ ದಂಡಿನ ಜೊತೆ ಆ ಪೇಟೆಗಳನ್ನು ಮುಟ್ಟಿದ್ದೇ ತಡ, ಜನ ಅದನ್ನು ಬೆಳಕಿಗೆ ಹಿಡಿದು, ಅಪ್ಪನ ಗುರುತೇ ಹಣೆಯಲ್ಲಿದೆಯಲ್ಲ, ರಕ್ತ ಸುಳ್ಳಾಡೀತೇ ಎಂದರಂತೆ. ಅರಸನನ್ನು ಕಣ್ಣಾರೆ ಕಂಡವರು ಎಷ್ಟು ಜನ? ಅರಮನೆಗೆ ಇದು ಬಹಳ ಹಿಡಿಸಿತ್ತು. ಇನ್ನು ಮುಂದೆ ಎಲ್ಲ ಅಚ್ಚಿನಲ್ಲಿಯೂ ನರಹುಲಿ ಇರತಕ್ಕದ್ದು ಎಂದು ಅಪ್ಪಣೆ. ಮೊದಲು ಅದನ್ನಿಟ್ಟ ಕೈಗೆ ತೊಡಿಸಲು ಒಂದು ಚಿನ್ನದ ಕಡಗ.

ವರಾಜ ಕಡಗವನ್ನು ಮಣೆಯ ಮೇಲಿಟ್ಟು ಅದರ ಸುತ್ತ ಎರಡು ಸಲ ನಡೆದ.

"ಆ ಕೈಗೆ ಅಂತಿದೆ" ಎಂದ ಕೊನೆಗೆ. "ನೀನೇ ಒಯ್ದು ಕೊಡು. ನಿನ್ನ ಗುರು ತಾನೆ."

ಸ್ಪಂದಾತ ಬಾಯಿ ತೆರೆದ. ದಾರಿಯಲ್ಲಿ ನೂರು ಸಲ ಆಡಿದ ಮಾತು ನಾಲಗೆಯ ತುದಿಯಲ್ಲಿತ್ತು: ಅದನ್ನು ಇಟ್ಟವನು ನಾನು. ನಿನ್ನೆಯವರೆಗೆ ಆ ಮಾತಿಗೆ ತಲೆ ಹೋಗುತ್ತಿತ್ತು. ಇವತ್ತು ಅದೇ ಮಾತಿಗೆ ಚಿನ್ನ ಬರುತ್ತದೆ. ಭಯವಿದ್ದಾಗ ಹೇಳದವನು ಬಹುಮಾನ ಕಂಡ ಕೂಡಲೇ ಹೇಳಿದರೆ, ಮುದುಕನ ಬೆರಳು ಕಳೆದದ್ದು ಸಾಲದೆಂದು ಕಡಗವನ್ನೂ ಕಸಿದ ಹಾಗೆ. ಹೇಳದಿದ್ದರೆ? ಈ ಮೌನ ಒಳ್ಳೆಯತನದ್ದೋ ಹಳೆಯ ಹೇಡಿತನದ್ದೋ ಅವನಿಗೆ ಬಿಡಿಸಲಾಗಲಿಲ್ಲ. ಎರಡಕ್ಕೂ ಮುಖ ಒಂದೇ ಇತ್ತು.

"ಆಗಲಿ ಒಡೆಯ" ಎಂದ.

ಆದರೂ ಮೂರು ದಿನ ಹೋಗಲಿಲ್ಲ. ಮೂರೂ ದಿನ ಹೊಸ ಅಚ್ಚು ಕೊರೆದ. ಮೊದಲು ಹಣೆ, ಅಲ್ಲಿ ಬೈರಿಗೆಯ ಒಂದು ಸುತ್ತು, ನವಣೆಕಾಳಿನಷ್ಟು ಗುಳಿ. ಇಡೀ ಮುಖದಲ್ಲಿ ಅತ್ಯಂತ ಸುಲಭದ ಕೆಲಸ ಅದೇ. ಅಲ್ಲಿಯೇ ಅವನು ಬೈರಿಗೆಯನ್ನು ಮೂರು ಸಲ ಇಟ್ಟು ತೆಗೆದ.

ನಾಲ್ಕನೆಯ ದಿನ ಮಧ್ಯಾಹ್ನ ಹೋದ. ಫ್ರಬಖ್ತ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕಂಬಳಿಯ ಮೇಲೆ ಕೂತಿದ್ದ. ಆಜಾತೆ ಅಕ್ರೋಟು ಒಡೆದು ಕೊಡುತ್ತಿದ್ದಳು. ಅವನು ಎಡಗೈಯಲ್ಲಿ ಸಿಪ್ಪೆ ಬೇರೆ, ಬೀಜ ಬೇರೆ ಮಾಡುತ್ತಿದ್ದ. ಬಲಗೈ ತೊಡೆಯ ಮೇಲೆ ಮಲಗಿತ್ತು.

"ಬಾಪ್ಪ" ಎಂದಳು ಆಜಾತೆ. "ದಾರಿ ಮರೆತೆಯೇನೋ ಅಂದ್ಕೊಂಡಿದ್ದೆ. ಚಮ್ಮಾರರ ಓಣೀಲಿ ನಿನ್ನ ದಿನಾ ಕಾಣ್ತಾರಂತೆ. ಎಷ್ಟು ಜೊತೆ ಚಪ್ಪಲಿ ಹೊಲಿಸ್ದೆ?"

ಸ್ಪಂದಾತ ಕೂತು ಸವಾರನ ಸುದ್ದಿ, ಅರಮನೆಯ ಅಪ್ಪಣೆ, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿ, ಕಡಗದ ಗಂಟನ್ನು ಮುಂದಿಟ್ಟ. ಆಜಾತೆ ಗಂಟು ಬಿಚ್ಚಿ ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮುದುಕ ಅದನ್ನು ಮುಟ್ಟಲಿಲ್ಲ.

"ಆ ದ್ರಮ್ಮ ತಂದಿದ್ದೀಯಾ?" ಎಂದ.

ಸ್ಪಂದಾತನ ಸೊಂಟದಲ್ಲಿ ಒಂದಿತ್ತು. ಮುದುಕ ಅದನ್ನು ಎಡಗೈಗೆ ತೆಗೆದುಕೊಂಡು, ಅಭ್ಯಾಸವಿಲ್ಲದ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಹಣೆಯ ಮೇಲೆ ನಿಲ್ಲಲೇ ಇಲ್ಲ. ಕೆಳಗಿಳಿದು ಮೂಗಿಗೆ ಬಂದ.

"ಈ ಮೂಗಿನ ಅಡೀಲಿ ಇನ್ನೊಂದು ಮೂಗಿದೆ" ಎಂದ. "ಅವತ್ತೂ ಇತ್ತು."

ಸ್ಪಂದಾತ ಕಂಬಳಿಯ ಅಂಚಿಗೆ ಸರಿದ. "ಯಜಮಾನ್ರೇ, ನಾನು ಅವತ್ತು..."

"ಅರ್ಧ ಮಾತು ಸಾಕು ಮಗಾ. ಮಿಕ್ಕಿದ್ದು ಜನ ತುಂಬ್ಕೋತಾರೆ." ಮುದುಕನ ದನಿಯಲ್ಲಿ ಕೊಂಕು ಇತ್ತೋ ಇಲ್ಲವೋ ತಿಳಿಯಲಿಲ್ಲ. ಅವನು ಇನ್ನೊಮ್ಮೆ ಮೂಗು ಸವರಿದ. "ಒಳ್ಳೇ ಮೂಗು ಅದು. ಒಡೆಯೋಕೆ ನಂಗೂ ಮನಸ್ಸು ಬರ್ತಿರಲಿಲ್ಲ."

ಬೇಲಿಯಾಚೆ ಯಾರದೋ ಕತ್ತೆ ಕಿರುಚಿ ಸುಮ್ಮನಾಯಿತು. ಮುದುಕ ನಾಣ್ಯವನ್ನು ಹಿಂದಕ್ಕೆ ಕೊಟ್ಟು ಬಲಗೈಯನ್ನು ಚಾಚಿದ.

"ಕೈಗೆ ಅಂತ ತಾನೆ ಹೇಳಿರೋದು. ತೊಡಿಸು."

ಸ್ಪಂದಾತ ಎರಡೂ ಕೈಯಲ್ಲಿ ಕಡಗ ಹಿಡಿದ. ಇಡೀ ಕೈಗೆಂದು ಮಾಡಿದ ಕಡಗ. ತಡೆಯುವುದಕ್ಕೆ ಏನೂ ಇಲ್ಲದೆ ಮಣಿಕಟ್ಟಿನವರೆಗೆ ಸರ್ರನೆ ಹೋಯಿತು. ಮುದುಕ ಕೈಯನ್ನು ಬಿಸಿಲಿಗೆ ಎತ್ತಿ ಹಿಡಿದ, ಚಿನ್ನದ ಹೊಳಪು ಅಷ್ಟರಮಟ್ಟಿಗೆ ಅವನ ಕಣ್ಣಿಗೆ ಕಂಡಿರಬೇಕು. ಆಮೇಲೆ ಇನ್ನೊಂದು ಅಕ್ರೋಟಿಗೆಂದು ಕೈ ಇಳಿಸಿದ. ಕಡಗ ಜಾರಿ ಸಿಪ್ಪೆಗಳ ರಾಶಿಗೆ ಬಿತ್ತು.

ಸ್ಪಂದಾತ ಅದನ್ನು ಹೆಕ್ಕಿ, ಅಂಟಿದ ಹೊಟ್ಟನ್ನು ಊದಿ, ಮತ್ತೆ ತೊಡಿಸಿದ. ಅದು ಮತ್ತೆ ಬಿತ್ತು. ಅವನು ಮತ್ತೆ ಹೆಕ್ಕಿದ.